ದಪ್ಪ ಆಯಿಲ್ ಅಲ್ಲ, ಕಾರು ಕೇಳುವ ಆಯಿಲ್ ಹಾಕಿ

ಮದ್ರಸದಲ್ಲಿ ಪಾಠ ಹೇಳುವವರಿಗೆ ಎಂಜಿನ್ ಆಯಿಲಿನ ಉಸಾಬರಿ ಯಾಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಓದಿ ಹೋದ ಮಕ್ಕಳಲ್ಲಿ ಎಷ್ಟೋ ಮಂದಿ ಇಂದು ಸ್ಟೇರಿಂಗ್ ಹಿಡಿದಿದ್ದಾರೆ, ಇಲ್ಲವೇ ಸ್ಪ್ಯಾನರ್ ಹಿಡಿದಿದ್ದಾರೆ. ಉಳ್ಳಾಲ, ಸುರತ್ಕಲ್, ಬಂಟ್ವಾಳದ ಹುಡುಗರು ದುಬೈ, ಶಾರ್ಜಾ, ದಮ್ಮಾಮ್‌ನ ಗ್ಯಾರೇಜುಗಳಲ್ಲಿದ್ದಾರೆ. ನಾವು ಚಿತ್ರದಲ್ಲಿ ಮಾತ್ರ ನೋಡುವ ಕಾರುಗಳ ಬಾನೆಟ್ಟನ್ನು ಅವರು ದಿನಾ ಎತ್ತುತ್ತಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರ ಬಾಯಲ್ಲಿ ಅದೇ ಸುದ್ದಿ. ಕೇಳಿ ಕೇಳಿ ನಮಗೂ ಸ್ವಲ್ಪ ಗೊತ್ತಾಗಿದೆ. ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಂಡಿದ್ದೇವೆ.

ಆದರೆ ಇದನ್ನು ಬರೆಯಲು ಕಾರಣ ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ಅವನು ಗಲ್ಫಿನ ಒಂದು ಗ್ಯಾರೇಜಿನಲ್ಲಿ ಹೆಲ್ಪರ್ ಆಗಿದ್ದ. ಬೇಸಗೆಯ ಒಂದು ಮಧ್ಯಾಹ್ನ ಹಳೆಯ ಸ್ಪೋರ್ಟ್ಸ್ ಕಾರೊಂದು ಬಂತು. ಆಯಿಲ್ ಕಡಿಮೆ ಇದೆ ಎಂದು ಮೀಟರ್ ತೋರಿಸುತ್ತಿತ್ತು. ಮಾಲಕನಿಗೆ ಅವಸರ. ಹುಡುಗ ಕೈಗೆ ಸಿಕ್ಕ 5ಡಬ್ಲ್ಯು-30 ಆಯಿಲನ್ನು ಎರಡು ಲೀಟರ್ ಹಾಕಿ ಕಳಿಸಿದ. ಆ ಎಂಜಿನಿಗೆ ಕಂಪೆನಿ ಹೇಳಿದ್ದು 10ಡಬ್ಲ್ಯು-60.

ಮೂರು ವಾರದಲ್ಲಿ ಅದೇ ಕಾರನ್ನು ಎಳೆದುಕೊಂಡು ಬಂದರು. ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿತ್ತು. ಬೇರಿಂಗ್ ಮೊದಲೇ ಸವೆದಿತ್ತೋ, ಮಾಲಕ ಓಡಿಸಿದ ರೀತಿಯೇ ಹಾಗಿತ್ತೋ, ಆ ಎರಡು ಲೀಟರಿನಿಂದಲೇ ಆಯಿತೋ, ಇವತ್ತಿಗೂ ಯಾರೂ ಹೇಳಲಾರರು. ಆದರೆ ಬೆರಳು ತೋರಿಸಿದ್ದು ಹುಡುಗನ ಕಡೆಗೆ. "ಉಸ್ತಾದ್, ನಾನು ಸರಿಯಾದದ್ದೇ ಹಾಕಿದ್ದೆ ಅಂತ ಹೇಳ್ಲಿಕ್ಕೆ ನನ್ನತ್ರ ಏನೂ ಇರ್ಲಿಲ್ಲ. ಯಾಕಂದ್ರೆ ನಾನು ಸರಿಯಾದದ್ದು ಹಾಕಿರ್ಲಿಲ್ಲ" ಎಂದು ಅವನೇ ನಮ್ಮ ಹತ್ತಿರ ಹೇಳಿದ. ಸಂಬಳ ಹಿಡಿದರು, ವೀಸಾ ಹೋಯಿತು, ಮನೆಯಲ್ಲಿ ತಂಗಿಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ಹಾಗಾದರೆ ಈ ನಂಬರುಗಳ ಅರ್ಥ ಏನು? 5ಡಬ್ಲ್ಯು-40 ಎಂದು ಡಬ್ಬದ ಮೇಲೆ ಬರೆದಿದ್ದರೆ, ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಕೊರೆಯುವ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕೆ, ಅಂದರೆ 40, ಎಂಜಿನ್ ಬಿಸಿಯಾದ ಮೇಲಿನ ದಪ್ಪವನ್ನು ಹೇಳುತ್ತದೆ. ಇದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ನಮ್ಮ ಕರಾವಳಿಗಾಗಲಿ, ಗಲ್ಫಿಗಾಗಲಿ ಮೊದಲ ಅಂಕೆಯ ತಲೆಬಿಸಿ ಕಡಿಮೆ. ಎರಡನೆಯದ್ದನ್ನು ಮಾತ್ರ ತಪ್ಪಿಸುವಂತಿಲ್ಲ.

"ಸ್ಪೋರ್ಟ್ಸ್ ಕಾರಲ್ವಾ, ಜೋರು ಓಡ್ತದೆ, ದಪ್ಪ ಆಯಿಲ್ ಹಾಕಿದ್ರಾಯ್ತು" ಎಂಬ ಮಾತು ನಮ್ಮಲ್ಲಿ ಬೇಕಾದಷ್ಟು ಉಂಟು. ಲಾರಿ ಮತ್ತು ಬೋಟಿನ ಎಂಜಿನ್ ನೋಡಿ ಬೆಳೆದ ಊರು ನಮ್ಮದು. ಅಲ್ಲಿ 15ಡಬ್ಲ್ಯು-40 ಹಾಕಿ ರೂಢಿ. ಅದೇ ಲೆಕ್ಕವನ್ನು ಇಲ್ಲಿಗೂ ತರುತ್ತೇವೆ. ಆದರೆ ಮೂರು ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2007ರಲ್ಲಿ ಬಂದ ಬಿಎಂಡಬ್ಲ್ಯು ಎಂ3 ಕಾರಿನ ವಿ8 ಎಂಜಿನ್ ನಿಮಿಷಕ್ಕೆ 8 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಹೇಳಿದ್ದು 10ಡಬ್ಲ್ಯು-60. ಅದೇ ವರ್ಷ ಜಪಾನಿನಲ್ಲಿ ಬಂದ ನಿಸಾನ್ ಜಿಟಿ-ಆರ್‌ನಲ್ಲಿ 3.8 ಲೀಟರ್ ವಿ6, ಎರಡು ಟರ್ಬೊ. ಅದಕ್ಕೆ ಮೊಬಿಲ್ 1 0ಡಬ್ಲ್ಯು-40. 2012ರ ಟೊಯೋಟಾ 86 ಕೂಡ ಸ್ಪೋರ್ಟ್ಸ್ ಕಾರೇ, ಏಳು ಸಾವಿರ ಸುತ್ತು ದಾಟುತ್ತದೆ. ಅದಕ್ಕೆ ಟೊಯೋಟಾ ಹೇಳಿದ್ದು ನೀರಿನ ಹಾಗಿರುವ 0ಡಬ್ಲ್ಯು-20. ಮೂರೂ ಓಟದ ಕುದುರೆಗಳೇ, ಮೂರರ ಮೇವು ಮಾತ್ರ ಬೇರೆ ಬೇರೆ. ಎಂಜಿನ್ ಕಟ್ಟುವಾಗಲೇ ಬೇರಿಂಗಿನ ಸಂದು ಎಷ್ಟು, ಆಯಿಲ್ ಪಂಪಿನ ಒತ್ತಡ ಎಷ್ಟು, ಬಿಸಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ಆ ಸಂದಿಗೆ ಬೇಕಾದದ್ದಕ್ಕಿಂತ ತೆಳ್ಳಗಿನ ಆಯಿಲ್ ಹಾಕಿದರೆ ಬಿಸಿಯಲ್ಲಿ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಬೇಕಾದದ್ದಕ್ಕಿಂತ ದಪ್ಪವಾದರೆ ಸ್ಟಾರ್ಟ್ ಮಾಡಿದ ಕೂಡಲೇ ಮೇಲಿನ ಭಾಗಕ್ಕೆ ತಲುಪಲು ತಡ, ಪವರ್ ಕಡಿಮೆ, ಪೆಟ್ರೋಲ್ ಜಾಸ್ತಿ.

"ಇಲ್ಲಿ ಹೊರಗೆ 45 ಡಿಗ್ರಿ ಬಿಸಿ, ಪುಸ್ತಕದಲ್ಲಿ ಬರೆದದ್ದು ಇಲ್ಲಿಗೆ ಆಗ್ತದಾ?" ಎಂದು ದುಬೈಯಿಂದ ಒಬ್ಬ ಕೇಳಿದ್ದ. ಪ್ರಶ್ನೆ ಸರಿಯೇ. ಆದರೆ ಕಾರಿನಲ್ಲಿ ರೇಡಿಯೇಟರ್ ಮತ್ತು ಥರ್ಮೋಸ್ಟಾಟ್ ಇರುವುದೇ ಎಂಜಿನಿನ ಬಿಸಿಯನ್ನು ಒಂದು ಹದದಲ್ಲಿ ಹಿಡಿಯಲಿಕ್ಕೆ. ಓಡುವ ಎಂಜಿನಿನಲ್ಲಿ ಆಯಿಲ್ ಹೇಗೂ 100 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಜೋರು ಓಡಿಸಿದರೆ ಅದನ್ನೂ ದಾಟುತ್ತದೆ. ಹೆಚ್ಚಿನ ಮ್ಯಾನುಯಲ್‌ಗಳಲ್ಲಿ ಹವೆಗೆ ತಕ್ಕ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಆಯಿಲಿಗೆ ಒಪ್ಪಿಗೆ ಇದ್ದರೆ ಬಿಸಿ ನಾಡಿನಲ್ಲಿ ದಪ್ಪದ್ದನ್ನು ಆರಿಸಬಹುದು. ಪಟ್ಟಿಯಲ್ಲೇ ಇಲ್ಲದ್ದನ್ನು ನಮ್ಮ ಅಂದಾಜಿನಲ್ಲಿ ಹಾಕುವುದು ಬೇಡ. ಟ್ರ್ಯಾಕಿನಲ್ಲಿ ಓಡಿಸುವವರ ಲೆಕ್ಕ ಬೇರೆ. ಅವರು ಆ ಕಾರನ್ನು ಬಲ್ಲ ಪರಿಣತರನ್ನೇ ಕೇಳಬೇಕು, ಆಯಿಲನ್ನೂ ಬೇಗ ಬೇಗ ಬದಲಿಸಬೇಕು.

ನಂಬರು ಹೊಂದಿದರೆ ಕೆಲಸ ಮುಗಿಯಲಿಲ್ಲ. ಹಲವರು ಎಡವುವುದು ಇಲ್ಲೇ. ಡಬ್ಬದ ಹಿಂಬದಿ ಸಣ್ಣ ಅಕ್ಷರದಲ್ಲಿ ಕಂಪೆನಿಯ ಕೋಡ್ ಇರುತ್ತದೆ. ಪೋರ್ಶೆಗೆ ಎ40, ಸಿ30 ಎಂದಿದೆ. ಫೋಕ್ಸ್‌ವ್ಯಾಗನ್, ಆಡಿ, ಸ್ಕೋಡಾ ಕಾರುಗಳಿಗೆ 502 00, 504 00, 508 00 ಎಂದಿದೆ. ಇವುಗಳಲ್ಲಿ 508 00 ಅಂದರೆ ತೀರಾ ತೆಳ್ಳಗಿನ 0ಡಬ್ಲ್ಯು-20. ಅದಕ್ಕೆಂದೇ ಕಟ್ಟಿದ ಎಂಜಿನಿಗೆ ಮಾತ್ರ ಅದು. ಹೊಸದು ಬಂದಿದೆ, ದುಬಾರಿ ಇದೆ, ಒಳ್ಳೆಯದೇ ಇರಬೇಕು ಎಂದು ಹಳೆಯ 502 00 ಎಂಜಿನಿಗೆ ಸುರಿದರೆ ಅಪಾಯ. ಹಾಗೆಯೇ "ಅಪ್ರೂವ್ಡ್" ಎಂಬುದಕ್ಕೂ "ಈ ಕಾರುಗಳಿಗೆ ಸೂಕ್ತ" ಎಂಬುದಕ್ಕೂ ವ್ಯತ್ಯಾಸ ಉಂಟು. ಮೊದಲನೆಯದ್ದು ಕಾರಿನ ಕಂಪೆನಿ ಪರೀಕ್ಷಿಸಿ ಕೊಟ್ಟ ಒಪ್ಪಿಗೆ. ಎರಡನೆಯದ್ದು ಆಯಿಲ್ ಮಾರುವವರು ತಾವೇ ಹೇಳಿಕೊಂಡ ಮಾತು.

ಟರ್ಬೊ ಇರುವ ಕಾರಾದರೆ ಇನ್ನೊಂದು ವಿಷಯ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ಕಾಯುವುದು ಇದೇ ಆಯಿಲ್. ಕಡಿಮೆ ಗುಣಮಟ್ಟದ್ದಾದರೆ ಅಲ್ಲಿ ಸುಟ್ಟು ಕರಿ ಕಟ್ಟುತ್ತದೆ. ಈಗಿನ ಟರ್ಬೊ ಪೆಟ್ರೋಲ್ ಎಂಜಿನುಗಳಲ್ಲಿ ನಿಧಾನ ವೇಗದಲ್ಲಿ ಒಮ್ಮೆಲೇ ಎಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಹೊತ್ತಿಗೆ ಮೊದಲೇ ಉರಿದು ಪಿಸ್ಟನ್ ಒಡೆಯುವುದೂ ಉಂಟು. ಅದನ್ನು ತಡೆಯುವ ಪರೀಕ್ಷೆ 2020ರ ಎಪಿಐ ಎಸ್‌ಪಿ ದರ್ಜೆಯಲ್ಲಿ ಸೇರಿದೆ. ಲಾರಿಗೆಂದು ತಂದ ಡ್ರಮ್ಮಿನ ಆಯಿಲ್ ಇಂಥ ಎಂಜಿನಿಗೆ ಹೇಳಿದ್ದಲ್ಲ.

ಸರಿಯಾದ ಆಯಿಲ್ ಹಾಕಿದರೂ ಓಡಿಸುವವರ ಕೈಯಲ್ಲಿ ಒಂದಷ್ಟು ಇದೆ. 40 ಡಿಗ್ರಿಯಲ್ಲಿ ಆಯಿಲ್, 100 ಡಿಗ್ರಿಯಲ್ಲಿ ಇರುವುದಕ್ಕಿಂತ ಆರು ಪಟ್ಟಿನಷ್ಟು ದಪ್ಪ ಇರುತ್ತದೆ. ಅದಕ್ಕೇ ಬಿಎಂಡಬ್ಲ್ಯು ಎಂ3ಯ ಕೆಲವು ಮಾದರಿಗಳ ಮೀಟರಿನಲ್ಲಿ ಆಯಿಲ್ ಬಿಸಿಯಾಗುತ್ತಾ ಹೋದಂತೆ ಒಂದೊಂದೇ ದೀಪ ಆರುತ್ತದೆ. ದೀಪ ಆರುವ ತನಕ ಎಂಜಿನನ್ನು ಜೋರಾಗಿ ತಿರುಗಿಸಬೇಡಿ ಎಂದು ಅರ್ಥ. ದೀಪ ಇಲ್ಲದ ಕಾರಿನಲ್ಲೂ ಮೊದಲ ಕೆಲವು ಕಿಲೋಮೀಟರ್ ತಾಳ್ಮೆ ಬೇಕು. ಜೋರು ಓಡಿಸಿ ಬಂದ ಟರ್ಬೊ ಕಾರನ್ನು ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಹಾಗೇ ಬಿಡಿ. ಸ್ಪೋರ್ಟ್ಸ್ ಕಾರು ಸಾಮಾನ್ಯ ಕಾರಿಗಿಂತ ಆಯಿಲ್ ಹೆಚ್ಚು ತಿನ್ನಬಹುದು, ಆದ್ದರಿಂದ ಲೆವೆಲ್ ಆಗಾಗ ನೋಡಿ. ಡಬ್ಬದ ಸೀಲ್ ನೋಡದೆ ಕೊಳ್ಳಬೇಡಿ, ನಕಲಿ ಮಾಲು ಊರಲ್ಲೂ ಉಂಟು, ಗಲ್ಫಿನಲ್ಲೂ ಉಂಟು.

ಇನ್ನೊಬ್ಬರ ಕಾರು ನಿಮ್ಮ ಕೈಯಲ್ಲಿದ್ದರೆ ಅದು ಅಮಾನತ್ತು. ಪುಸ್ತಕ ಹೇಳಿದ ಆಯಿಲ್ ಇಲ್ಲದಿದ್ದರೆ "ಇಲ್ಲ" ಎಂದು ಮಾಲಕನಿಗೆ ಹೇಳಿ. ಬೇರೆಯದ್ದು ಹಾಕಲೇಬೇಕಾದರೆ ಅವರಿಗೆ ತಿಳಿಸಿ, ಬರೆದಿಟ್ಟು ಹಾಕಿ. ಆ ಎರಡು ನಿಮಿಷದ ಸಂಕೋಚ ಒಂದು ವರ್ಷದ ಸಂಬಳಕ್ಕಿಂತ ದೊಡ್ಡದಲ್ಲ.

ನಮ್ಮ ಹುಡುಗ ಈಗ ಊರಲ್ಲೇ ಹೆದ್ದಾರಿ ಬದಿಯಲ್ಲಿ ಸಣ್ಣ ಗ್ಯಾರೇಜ್ ಇಟ್ಟಿದ್ದಾನೆ. ತಂಗಿಯ ಮದುವೆಯೂ ಆಯಿತು. ಕಳೆದ ತಿಂಗಳು ನಾವು ಹೋದಾಗ ಯಾರೋ ಕಾಲೇಜು ಹುಡುಗ ಪೋಲೊ ಜಿಟಿ ತಂದಿದ್ದ. "ಕಾಕ, ಇದ್ದದ್ದು ಹಾಕಿ, ನನಗೆ ಅರ್ಜೆಂಟ್" ಎಂದ. ನಮ್ಮವನು ಏನೂ ಹೇಳದೆ ಡ್ಯಾಶ್‌ಬೋರ್ಡಿನ ಡ್ರಾ ತೆರೆದು ಮ್ಯಾನುಯಲ್ ತೆಗೆದ, ಪುಟ ಹುಡುಕಿದ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕಾರಿನ ನಂಬರು, ಕಿಲೋಮೀಟರ್, ಆಯಿಲಿನ ಹೆಸರು, ಕೋಡ್ ಬರೆದ. ಖಾಲಿ ಡಬ್ಬವನ್ನು ಆ ಹುಡುಗನ ಕೈಗೇ ಕೊಟ್ಟು, "ಮನೆಯಲ್ಲಿ ಇಟ್ಕೋ, ಮುಂದಿನ ಸಲ ಎಲ್ಲಿಗೆ ಹೋದ್ರೂ ಇದನ್ನೇ ತೋರಿಸು" ಎಂದ.