ಸೇಡಂ ಕಲ್ಲಿನಲ್ಲಿ ಸಿಗದ ಬಳಚು

ಕುಂಚಾವರಂನ ಗುಡ್ಡಗಾಡು ದಾಟಿ ಸೇಡಂ, ವಾಡಿ, ಶಹಾಬಾದ್ ಕಡೆ ಬಂದರೆ ಮನೆ ಮನೆಯ ನೆಲಕ್ಕೂ ಸುಣ್ಣಕಲ್ಲಿನ ಹಾಸು. ಸಿಮೆಂಟ್ ಕಾರ್ಖಾನೆಗಳಿಗೂ ಅದೇ ಆಹಾರ. ಹಿಂದೆಂದೋ ಇಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕುಳಿತ ಸುಣ್ಣವೇ ಈ ಕಲ್ಲು. ಕಡಲೆಂದ ಮೇಲೆ ಚಿಪ್ಪುಗಳೆಲ್ಲಿ ಎಂದು ಯಾರಾದರೂ ಕೇಳಬಹುದು. ಎಷ್ಟು ಒಡೆದರೂ ಸಿಗವು. ಎರಡು ಚಿಪ್ಪಿನ ಮೃದ್ವಂಗಿಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು 50 ಕೋಟಿ ವರ್ಷಗಳಿಗೂ ಹಿಂದೆ. ಭೀಮಾ ಕಣಿವೆಯ ಈ ಕಲ್ಲು ಅವಕ್ಕಿಂತಲೂ ಹಿರಿಯ.

ಅವುಗಳನ್ನು ಜೀವಂತವಾಗಿ ನೋಡಲು ನಮ್ಮದೇ ರಾಜ್ಯದ ಇನ್ನೊಂದು ಮೂಲೆಗೆ, ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಹೋಗಬೇಕು. ಇಳಿತದ ಹೊತ್ತಿಗೆ ಜನ ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆಯುತ್ತಾರೆ. ತುಳುವರು ಇದನ್ನು ಮರುವಾಯಿ ಎನ್ನುತ್ತಾರೆ. ಆ ಬಳಚಿನಲ್ಲಿ 'ಮೆರೆಟ್ರಿಕ್ಸ್' ಕುಲದ್ದೂ ಉಂಟು. ಕುಲಕ್ಕೆ ಹೆಸರಿಟ್ಟವನು 1799ರಲ್ಲಿ ಫ್ರಾನ್ಸಿನ ಲಮಾರ್ಕ್. ನಮ್ಮ ಕರಾವಳಿಯಲ್ಲಿ ಅದರ ಎರಡು ಪ್ರಭೇದಗಳು ಮುಖ್ಯ: ಮೆರೆಟ್ರಿಕ್ಸ್ ಮೆರೆಟ್ರಿಕ್ಸ್, ಮೆರೆಟ್ರಿಕ್ಸ್ ಕಾಸ್ಟಾ. ಲ್ಯಾಟಿನ್ನಿನಲ್ಲಿ ಮೆರೆಟ್ರಿಕ್ಸ್ ಎಂದರೆ ವಾರಾಂಗನೆ, ಕಾಸ್ಟಾ ಎಂದರೆ ಶೀಲವತಿ. ಪಾಪ, ಕೆಸರಿನಲ್ಲಿ ಹುದುಗಿ ಕುಳಿತ ಪ್ರಾಣಿಗೆ ಎಂಥ ಹೆಸರು!

ಬಳಚು ಒಂದು ನಳಿಗೆಯಿಂದ ನೀರು ಎಳೆದು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಕಿವಿರಿನಲ್ಲಿ ಸೋಸಿ ತಿಂದು, ಇನ್ನೊಂದು ನಳಿಗೆಯಿಂದ ನೀರನ್ನು ಹೊರಬಿಡುತ್ತದೆ. ಅದರ ಚಿಪ್ಪೂ ಸೇಡಂ ಕಲ್ಲಿನಂತೆ ಕ್ಯಾಲ್ಸಿಯಂ ಕಾರ್ಬೊನೇಟೇ. ಕರಾವಳಿಯವರು ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ಆಯುತ್ತಾರೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಒಮ್ಮೆ ಅಂದಾಜಿಸಿದ್ದರು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಅದೇ ದುಡಿಮೆಯಾಗಿತ್ತು.

ಅಲ್ಲಿಂದ ತುಸು ದಕ್ಷಿಣಕ್ಕೆ, ಹೊನ್ನಾವರದ ಶರಾವತಿ ಅಳಿವೆಯ ಕಥೆ ಬೇರೆ. ಬಳಚು ಬದುಕುವುದು ಉಪ್ಪುನೀರು, ಸಿಹಿನೀರು ಬೆರೆಯುವ ಕಡೆ. ಮಳೆಗಾಲದಲ್ಲಿ ಸಿಹಿ ಹೆಚ್ಚಿದರೂ ಬೇಸಿಗೆಯಲ್ಲಿ ಕಡಲ ಉಪ್ಪು ಒಳಗೆ ಬರಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ಉತ್ಪಾದಿಸಿದ ನೀರು ಬೇಸಿಗೆಯಲ್ಲೂ ಹರಿದು ಬರತೊಡಗಿ ಅಳಿವೆಯ ಉಪ್ಪು ತಗ್ಗಿತು. ತಿನ್ನುವ ಬಳಚು ಅಲ್ಲಿಂದ ಬಹುಮಟ್ಟಿಗೆ ಕಣ್ಮರೆಯಾಯಿತು. ನಾಡಿಗೆ ದೀಪ ಬಂದದ್ದು ನಿಜ, ಆಯುವವರ ಬುಟ್ಟಿ ಬರಿದಾದದ್ದು ಯಾವ ಲೆಕ್ಕದಲ್ಲೂ ಸೇರಲಿಲ್ಲ.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬೀಳಲಿಲ್ಲ. 2024ರಲ್ಲಿ ಅದರ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ಈಗಲೂ ಬೇಸಿಗೆಯ ಭರತದೊಂದಿಗೆ ಕಡಲ ಉಪ್ಪು ನದಿಯೊಳಕ್ಕೆ ಏರುತ್ತದೆ.