ಸಕ್ಕರೆಯೊಳಗಿನ ಹರಳು

ಕಾಸರಗೋಡು ದಾಟಿ ಕಣ್ಣೂರಿನ ಕಡೆಗೆ ಹೋದ ಕನ್ನಡಿಗರು ದಿನಸಿ ಅಂಗಡಿಯಲ್ಲಿ ಚಹಾಕ್ಕೆಂದು ‘ಶರ್ಕರ’ ಕೇಳಿದರೆ ಅಂಗಡಿಯವ ಬೆಲ್ಲ ತೂಗಿ ಕೊಡುತ್ತಾನೆ. ತಪ್ಪು ಅವನದಲ್ಲ. ಮಲಯಾಳದಲ್ಲಿ ‘ಶರ್ಕರ’ ಎಂದರೆ ಬೆಲ್ಲವೇ. ಬಿಳಿ ಸಕ್ಕರೆ ಬೇಕಿದ್ದರೆ ‘ಪಂಚಸಾರ’ ಅನ್ನಬೇಕು. ತಮಿಳರ ಸರ್ಕ್ಕರೈ ಪೊಂಗಲ್‌ನದೂ ಇದೇ ಕತೆ: ಹೆಸರಿನಲ್ಲಿ ಸಕ್ಕರೆ, ಪಾತ್ರೆಯಲ್ಲಿ ಬೆಲ್ಲ. ಸಕ್ಕರೆ ಹಾಕಿ ಮಾಡಿ ನೋಡಿದವರಿಗೆ ಆ ಬಣ್ಣವೂ ಬರುವುದಿಲ್ಲ, ಆ ಘಮವೂ ಬರುವುದಿಲ್ಲ.

ಒಂದೇ ಪದ ಒಂದೂರಿನಲ್ಲಿ ಬೆಲ್ಲವಾಗಿ, ಪಕ್ಕದೂರಿನಲ್ಲಿ ಸಕ್ಕರೆಯಾಗಿ ನಿಂತದ್ದು ಏಕೆ? ಮೊದಲಿಗೆ ಅದು ಎರಡೂ ಆಗಿರಲಿಲ್ಲ. ಸಂಸ್ಕೃತದ ‘ಶರ್ಕರಾ’ ಎಂದರೆ ಗರಸು, ನೊರಜುಗಲ್ಲು, ಸಣ್ಣ ಹರಳು. ಕಾಲಿಗೆ ಚುಚ್ಚುವ ಅದೇ ಕಲ್ಲು. ವ್ಯಾಕರಣಕಾರ ಪಾಣಿನಿ ಒಂದು ಸೂತ್ರದಲ್ಲಿ ಶರ್ಕರೆಯನ್ನು ಸಿಕತೆಯ, ಅಂದರೆ ಮರಳಿನ, ಜೊತೆಗೆ ಕೂರಿಸುತ್ತಾನೆ. ಅಲ್ಲಿ ಸಿಹಿಯ ಸುಳಿವೂ ಇಲ್ಲ.

ಕಲ್ಲಿನ ಹೆಸರು ಸಿಹಿಗೆ ಅಂಟಿಕೊಂಡ ಬಗೆ ತಿಳಿಯಬೇಕಾದರೆ ಮಲೆನಾಡಿನ ಅಡುಗೆಮನೆಗೆ ಹೋಗಬೇಕು. ಅಟ್ಟದ ಮೇಲೆ ಜೋನಿ ಬೆಲ್ಲದ ಡಬ್ಬಿ ಇರುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಹೊಯ್ದು ಕಾಯಿಸಿ, ಅಚ್ಚಿಗೆ ಹೊಯ್ಯುವ ಹದ ಬರುವ ಮೊದಲೇ ಇಳಿಸಿದ ದ್ರವ ಬೆಲ್ಲ ಅದು. ದೋಸೆಗೆ ಸೌಟಿನಲ್ಲಿ ಎತ್ತಿ ಬಡಿಸುತ್ತ ಬಂದು ನಾಲ್ಕಾರು ತಿಂಗಳು ಕಳೆದ ಮೇಲೆ ಡಬ್ಬಿಯ ತಳಕ್ಕೆ ಸೌಟು ತಾಗಿದರೆ ಕರಕರ ಸದ್ದು. ತಳದಲ್ಲಿ ಹರಳು ಕೂತಿದೆ. ‘ಸಕ್ಕರೆ ಕಟ್ಟಿದೆ’ ಅನ್ನುತ್ತಾರೆ ಮನೆಯವರು. ಹಳೆಯ ಕಾಲದವರು ಸಕ್ಕರೆ ತೆಗೆದದ್ದೂ ಹೆಚ್ಚುಕಡಿಮೆ ಹೀಗೆಯೇ: ಪಾಕವನ್ನು ನಿಧಾನವಾಗಿ ಆರಲು ಬಿಟ್ಟು, ಹರಳು ಕೂತ ಮೇಲೆ ಮೇಲಿನ ಕಂದು ರಸವನ್ನು ಸೋರಿಸಿಬಿಡುವುದು. ಉಳಿದದ್ದನ್ನು ಬೆರಳಲ್ಲಿ ತಿಕ್ಕಿದರೆ ಗರಸಿನ ಹಾಗೆ. ಹೆಸರಿಟ್ಟವರು ನಾಲಗೆಯನ್ನು ಕೇಳಲಿಲ್ಲ, ಬೆರಳನ್ನೂ ಹಲ್ಲನ್ನೂ ಕೇಳಿದರು.

ಕನ್ನಡಕ್ಕೆ ಈ ಪದ ಪ್ರಾಕೃತದ ‘ಸಕ್ಕರಾ’ದ ಮೂಲಕ ಬಂತು. ಶಾಲೆಯ ತತ್ಸಮ–ತದ್ಭವ ಪಟ್ಟಿಯಲ್ಲಿ ‘ಶರ್ಕರಾ – ಸಕ್ಕರೆ’ ಬರೆದು ಅಂಕ ಗಿಟ್ಟಿಸಿದವರು ಲಕ್ಷಾಂತರ. ಕಲ್ಲೆಂಬ ಅರ್ಥವನ್ನು ಆ ಪಟ್ಟಿ ಹೇಳಿಕೊಡಲಿಲ್ಲವಾದ್ದರಿಂದ ‘ಕಲ್ಲುಸಕ್ಕರೆ’ ಎಂಬ ಪದದಲ್ಲಿ ಕಲ್ಲು ಎರಡು ಸಲ ಬಂದಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಗೇಟು ಬಾಗಿಲು, ನಡುಸೆಂಟರ್ ಎನ್ನುವವರನ್ನು ನೋಡಿ ನಗುವವರು ಇದಕ್ಕೂ ಸ್ವಲ್ಪ ನಗಬಹುದು.

ಕ್ರಿಸ್ತಶಕ ಮೊದಲ ಶತಮಾನದ ಹೊತ್ತಿಗೆ ಪದ ಸಮುದ್ರ ದಾಟಿತ್ತು. ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ‘ಸಾಖರೋನ್’ ಎಂಬ ವಸ್ತುವಿನ ಬಗ್ಗೆ ಬರೆಯುತ್ತಾನೆ: ಭಾರತದಲ್ಲಿ ಜೊಂಡಿನ ಮೇಲೆ ಸಿಗುವ ಒಂದು ಬಗೆಯ ಗಟ್ಟಿ ಜೇನು, ಉಪ್ಪಿನಂತೆ ಹಲ್ಲಿಗೆ ಕರಕರ ಎನ್ನುತ್ತದೆ. ರೋಮಿನ ಪ್ಲಿನಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿ, ಔಷಧಕ್ಕೆ ಮಾತ್ರ ಬಳಕೆ ಎಂದು ಸೇರಿಸುತ್ತಾನೆ. ಪದದ ಮೂಲಾರ್ಥ ಇಬ್ಬರಿಗೂ ತಿಳಿದಿರಲು ಕಾರಣವಿಲ್ಲ. ಆದರೂ ಅವರ ಹಲ್ಲಿಗೆ ಸಿಕ್ಕಿದ್ದು ಆ ಹರಳೇ. ಔಷಧದ ನಂಟು ಎಷ್ಟು ಗಟ್ಟಿಯಾಗಿತ್ತೆಂದರೆ 1753ರಲ್ಲಿ ಲಿನೇಯಸ್ ಕಬ್ಬಿಗೆ ‘ಸ್ಯಾಕರಮ್ ಅಫಿಸಿನಾರಮ್’ ಎಂದು ಹೆಸರಿಟ್ಟ. ಔಷಧದಂಗಡಿಯ ಸಕ್ಕರೆ ಎಂದು ಅದರ ಭಾವ.

ನಿಜವಾದ ದೊಡ್ಡ ಪಯಣ ಇನ್ನೊಂದು ದಾರಿಯದು. ಪರ್ಶಿಯನ್ನರ ಬಾಯಲ್ಲಿ ಪದ ‘ಶಕರ್’ ಆಯಿತು, ಅರಬ್ಬರಲ್ಲಿ ‘ಸುಕ್ಕರ್’. ಅರಬ್ಬರು ಪದವನ್ನಷ್ಟೇ ಒಯ್ಯಲಿಲ್ಲ, ಕಬ್ಬಿನ ಬೇಸಾಯವನ್ನೂ ಈಜಿಪ್ಟು, ಸಿಸಿಲಿ, ಸ್ಪೇನುಗಳಿಗೆ ಒಯ್ದರು. ಅರಬ್ಬಿಯಲ್ಲಿ ನಾಮಪದದ ಹಿಂದೆ ‘ಅಲ್’ ಸೇರುತ್ತದಲ್ಲ, ಸ್ಪೇನಿನವರು ಅದನ್ನೂ ಪದದ ಭಾಗವೆಂದೇ ತಿಳಿದು ‘ಅಸೂಕರ್’ ಮಾಡಿಕೊಂಡರು, ಪೋರ್ಚುಗೀಸರದೂ ‘ಅಸೂಕರ್’. ಇಟಲಿಯವರು ‘ಅಲ್’ ಬಿಟ್ಟು ‘ಝುಕ್ಕೆರೊ’ ಅಂದರು. ಫ್ರೆಂಚರ ‘ಸೂಕ್ರ್’, ಅದರಿಂದ ಇಂಗ್ಲಿಷಿನ ‘ಶುಗರ್’. ಆಫ್ರಿಕಾದ ಪೂರ್ವ ಕರಾವಳಿಯ ಸ್ವಾಹಿಲಿಯಲ್ಲಿ ‘ಸುಕಾರಿ’, ಗ್ರೀಕಿನ ದಾರಿಯಲ್ಲಿ ಹೋದದ್ದು ರಷ್ಯನ್ನರಲ್ಲಿ ‘ಸಾಖರ್’. ಮಂಡ್ಯದವರು ಮಾಸ್ಕೋಗೆ ಹೋದರೆ ಈ ಒಂದು ಪದಕ್ಕಾದರೂ ದುಭಾಷಿ ಬೇಡ.

ಇಂಗ್ಲಿಷಿನವರಿಗೆ ಈ ಪದ ಒಂದು ಸಲ ಸಿಕ್ಕಿ ಸಾಲಲಿಲ್ಲ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಮಲಬಾರಿನ ‘ಚಕ್ಕರ’ವನ್ನು ‘ಜಾಗರ’ ಎಂದು ತಿರುಗಿಸಿದರು. ಅದನ್ನೇ ಇಂಗ್ಲಿಷರು ‘ಜಾಗರಿ’ ಮಾಡಿದರು. ಇಂಗ್ಲಿಷಿನಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಇರುವ ಎರಡು ಹೆಸರುಗಳು ಹೀಗೆ ಒಂದೇ ತಾಯಿಯ ಮಕ್ಕಳು, ಒಂದು ನೆಲದ ದಾರಿಯಲ್ಲಿ ಬಂದದ್ದು, ಇನ್ನೊಂದು ಹಡಗಿನಲ್ಲಿ. ಮೂರನೆಯದೂ ಇದೆ. 1879ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಲ್ಲಿದ್ದಲ ಟಾರಿನ ರಾಸಾಯನಿಕಗಳೊಡನೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಊಟಕ್ಕೆ ಕೂತಾಗ ಬೆರಳೆಲ್ಲ ಸಿಹಿ. ಆ ವಸ್ತುವಿಗೆ ‘ಸ್ಯಾಕರಿನ್’ ಎಂದು ಹೆಸರಾಯಿತು. ಅದರಲ್ಲಿ ಸಕ್ಕರೆಯ ಒಂದು ಕಣವೂ ಇಲ್ಲ.

ಪೂರ್ವಕ್ಕೆ ಹೋದದ್ದು ಮಾತ್ರ ಬೇರೆ ರೀತಿ. 647ರಲ್ಲಿ ಚೀನಾದ ತಾಂಗ್ ದೊರೆ ತಾಯ್‌ಝೋಂಗ್ ಸಕ್ಕರೆ ಕಾಯಿಸುವ ವಿದ್ಯೆ ಕಲಿತು ಬರಲು ಮಗಧಕ್ಕೆ ಜನರನ್ನು ಕಳಿಸಿದ. ವಿದ್ಯೆ ಚೀನಾಕ್ಕೆ ಹೋಯಿತು, ಪದ ಹೋಗಲಿಲ್ಲ. ಚೀನೀಯರು ಹರಳು ಸಕ್ಕರೆಗೆ ತಮ್ಮದೇ ಹೆಸರಿಟ್ಟುಕೊಂಡರು: ‘ಷಾತಾಂಗ್’. ಜಪಾನೀಯರಿಗೆ ಅದೇ ‘ಸಾತೋ’. ಈ ಪದದ ಮೊದಲ ಅಕ್ಷರದ ಅರ್ಥ ಮರಳು! ಭಾಷೆ ಬೇರೆ, ಲಿಪಿ ಬೇರೆ, ಹೊಳೆದದ್ದು ಅದೇ. ಮಲಯ ಮತ್ತು ಇಂಡೊನೇಷ್ಯಾದ ಕಡೆ ಹೋದದ್ದು ಶರ್ಕರೆಯಲ್ಲ, ಸಂಸ್ಕೃತದಲ್ಲಿ ಬೆಲ್ಲಕ್ಕಿದ್ದ ‘ಗುಡ’. ಅಲ್ಲಿ ಸಕ್ಕರೆಗೆ ಇಂದಿಗೂ ‘ಗುಲಾ’.

ಉತ್ತರ ಭಾರತದ ಕಿರಾಣಿ ಅಂಗಡಿಯಲ್ಲಂತೂ ವಿಚಿತ್ರ. ಬಿಳಿ ಸಕ್ಕರೆಗೆ ‘ಚೀನಿ’, ಅಂದರೆ ಚೀನಾದ್ದು. ಕಲ್ಲುಸಕ್ಕರೆಗೆ ‘ಮಿಸ್ರಿ’, ಮಿಸ್ರ್ ಎಂದರೆ ಈಜಿಪ್ಟು. ಇಲ್ಲಿಂದ ಹೊರಟ ಸರಕಿನ ನಯವಾದ ರೂಪಗಳು ಪರದೇಶದ ಹೆಸರು ಹೊತ್ತು ವಾಪಸು ಬಂದಿವೆ. (ಕರಾವಳಿಯ ಹವ್ಯಕರ ಮನೆಯಲ್ಲಿ ‘ಚೀನಿ’ ಕೇಳಿದರೆ ಸಿಹಿಗುಂಬಳ ಬಂದರೂ ಬಂದೀತು. ಅಲ್ಲಿ ಅದು ಚೀನಿಕಾಯಿ.)

ಶರ್ಕರೆಯ ಕಲ್ಲಿನ ಅರ್ಥ ಪೂರ್ತಿ ಸತ್ತಿಲ್ಲ. ಸುಶ್ರುತ ಸಂಹಿತೆ ಮೂತ್ರದ ಕಲ್ಲುಗಳ ಬಗ್ಗೆ ಹೇಳುವಾಗ ‘ಶರ್ಕರಾ’ ಎಂಬ ತೊಂದರೆಯನ್ನು ಹೆಸರಿಸುತ್ತದೆ. ಇಂದಿನ ಓದುಗರು ತಟ್ಟನೆ ಸಕ್ಕರೆ ಕಾಯಿಲೆ ಎಂದುಕೊಳ್ಳುತ್ತಾರೆ. ಆದರೆ ಅಲ್ಲಿರುವುದು ಒಡೆದು ಪುಡಿಯಾಗಿ ಹೊರಬರುವ ಹರಳು, ಇಂದು ಸ್ಕ್ಯಾನಿಂಗ್ ಮಾಡಿಸಿ ‘ಕಿಡ್ನಿಯಲ್ಲಿ ಹರಳಿದೆ’ ಎನ್ನುತ್ತಾರಲ್ಲ, ಅದರ ನೆಂಟ. ಸಿಹಿಮೂತ್ರದ ಕಾಯಿಲೆಗೆ ಆ ವೈದ್ಯರು ಇಟ್ಟ ಹೆಸರು ಮಧುಮೇಹ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಗುರುತಿಸಿದೆ, ಆದರೂ ಹೆಸರಿಗೆ ಆರಿಸಿಕೊಂಡದ್ದು ಶರ್ಕರೆಯನ್ನಲ್ಲ, ಜೇನನ್ನು.