ನಿಮಗಿದು ಗೊತ್ತೆ? ಟರ್ಬೊ ಎಂಜಿನ್ನಿಗೆ ಕ್ಯಾಮ್ ಆರಿಸುವ ಲೆಕ್ಕವೇ ಬೇರೆ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವುದು ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ 6,000 ಸುತ್ತಿನಲ್ಲಿರುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ!

ಹೊಗೆ ಹೊರಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಒಳಬರುವ ವಾಲ್ವ್ ತೆರೆದುಕೊಳ್ಳುತ್ತದೆ. ಎರಡೂ ತೆರೆದಿರುವ ಈ ಗಳಿಗೆಯೇ ‘ಓವರ್‌ಲ್ಯಾಪ್’. ಟರ್ಬೊ ಇಲ್ಲದ ರೇಸ್ ಎಂಜಿನ್ನಿಗೆ ಇದು ವರ. ಹೊರಹೋಗುವ ಹೊಗೆಯೇ ಹೊಸ ಗಾಳಿಯನ್ನು ಒಳಗೆಳೆಯುತ್ತದೆ. ಟರ್ಬೊ ಇದ್ದಲ್ಲಿ ಹಾಗಲ್ಲ. ಟರ್ಬೊವನ್ನು ತಿರುಗಿಸುವ ಟರ್ಬೈನ್ ಹೊಗೆಯ ದಾರಿಗೆ ಅಡ್ಡ ಕೂತಿರುತ್ತದೆ. ಟರ್ಬೊ ಚಿಕ್ಕದಾದರೆ ಅಲ್ಲಿನ ಒತ್ತಡ ಒಳಬರುವ ಗಾಳಿಯ ಒತ್ತಡವನ್ನೂ ಮೀರಬಹುದು. ಆಗ ಓವರ್‌ಲ್ಯಾಪ್ ಹೆಚ್ಚಿದ್ದರೆ ಬಿಸಿ ಹೊಗೆ ಸಿಲಿಂಡರಿಗೇ ವಾಪಸ್ ನುಗ್ಗುತ್ತದೆ. ಶಕ್ತಿ ಕುಗ್ಗಿ, ಇಂಧನ ತಾನಾಗಿ ಹೊತ್ತಿ ಸಿಡಿಯುವ ‘ನಾಕಿಂಗ್’ ಭಯ ಹೆಚ್ಚುತ್ತದೆ.

ಟೊಯೊಟಾ ಸುಪ್ರಾದ ಮೂರು ಲೀಟರಿನ 2ಜೆಝಡ್-ಜಿಟಿಇ ಎಂಜಿನ್ನನ್ನು ಬಿಚ್ಚಿ ಕಟ್ಟುವವರು ದಿನಬಳಕೆಗೆ 264 ಡಿಗ್ರಿಯ ಕ್ಯಾಮ್ ಹಾಕುವುದು ರೂಢಿ. ಡಿಗ್ರಿ ಹೆಚ್ಚಿದಷ್ಟೂ ವಾಲ್ವ್ ತೆರೆದಿರುವ ಹೊತ್ತು ಹೆಚ್ಚು, ಸಾಮಾನ್ಯವಾಗಿ ಓವರ್‌ಲ್ಯಾಪ್ ಕೂಡ. 272 ಡಿಗ್ರಿಯದು ಮೇಲಿನ ಸುತ್ತಿನಲ್ಲಿ ಹೆಚ್ಚು ಬಲ ಕೊಟ್ಟರೂ ಸಿಗ್ನಲ್ಲಿನಿಂದ ಹೊರಡುವಾಗ ಸಪ್ಪೆ. ಪೇಟೆಯಲ್ಲಿ ಓಡುವ ಕಾರಿಗೆ ನನ್ನ ಮತ ಮೊದಲಿನದಕ್ಕೇ. ಯಾವುದನ್ನೇ ಹಾಕಿ, ವಾಲ್ವ್ ಸ್ಪ್ರಿಂಗ್ ಗಟ್ಟಿಯದಿರಲಿ: ಟರ್ಬೊ ತುಂಬುವ ಗಾಳಿ ಒಳವಾಲ್ವನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ.